ಕೆಂಪು ಗೆರೆಯ ಯಂತ್ರ, ಎರಡೆಳೆಯ ವೈರು

ಒಂದು ಯಂತ್ರವನ್ನು ಉರಿಸಿ ತೋರಿಸಿ, ಅದೇ ಬಣ್ಣದ ಬೇರೊಂದನ್ನು ಡಬ್ಬದಲ್ಲಿ ಮುಚ್ಚಿ ಮಾರುವುದು ಮೋಸ. ಆ ಮೋಸದಿಂದ ಒಬ್ಬ ಮುದುಕರ ಬಲಗೈ ಮುರಿದಿದೆ. ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕೆಂದು ಕೇಳಿಕೊಂಡೆ. ಹೆಸರು, ವಯಸ್ಸು ಮೊದಲು ಬರಬೇಕೆಂದು ಠಾಣೆಯ ರೈಟರ್ ಹೇಳಿದರು. ಇರಲಿ ಬಿಡ್ರೀ, ಹಾಗೇ ಬರ್ಕೊಳ್ಳಿ ಎಂದು ಸಬ್ ಇನ್‌ಸ್ಪೆಕ್ಟರ್ ಹೇಳಿದ್ದರಿಂದ ಹೀಗೆ ಬರೆಯಲಾಗಿದೆ.

ನನ್ನ ಪೂರ್ತಿ ಹೆಸರು ಮತ್ತು ಮನೆ ನಂಬರು ಹಾಳೆಯ ತಲೆಯಲ್ಲಿವೆ. ವಯಸ್ಸು ಇಪ್ಪತ್ತೆರಡು. ಅಣ್ಣನ ಮನೆಯಲ್ಲಿ ವಾಸ. ಅವನ ಜೊತೆಯಲ್ಲೇ ತಳ್ಳುಗಾಡಿ ಕಟ್ಟುವ ಕೆಲಸ. ನಮ್ಮ ಬೀದಿಯಲ್ಲಿ ನನ್ನನ್ನು ಕರಪತ್ರ ಎಂದು ಕರೆಯುತ್ತಾರೆ. ಅಣಕಿಸಲು ಇಟ್ಟ ಹೆಸರು, ಆದರೂ ಕರೆದರೆ ತಿರುಗಿ ನೋಡುತ್ತೇನೆ. ಯಾರ ಒತ್ತಾಯವೂ ಇಲ್ಲದೆ, ಮನೆಯಲ್ಲಿ ಬೇಡವೆಂದರೂ ಕೇಳದೆ, ಇಂದು ಶನಿವಾರ ಬೆಳಿಗ್ಗೆ 10-20ಕ್ಕೆ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನಮ್ಮ ಮನೆಯ ಹಿಂದೆ ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲದ ತಗಡಿನ ಷೆಡ್ಡು ಇದೆ. ಅದರಲ್ಲಿ ಕಬ್ಬಿಣ ಕತ್ತರಿಸುವುದು ನಾನು, ಜೋಡಿಸುವುದು ಅಣ್ಣ, ಬಣ್ಣ ಹಚ್ಚುವುದು ಅತ್ತಿಗೆ. ಬೆಸುಗೆ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ಹನ್ನೊಂದು ವರ್ಷದಿಂದ ಪ್ರತಿಯೊಂದು ಚೌಕಟ್ಟನ್ನೂ ಹೊತ್ತುಕೊಂಡು ಮೂಲೆಯ ವೆಲ್ಡಿಂಗ್ ಷಾಪಿಗೆ ಹೋಗುತ್ತಿದ್ದೆವು. ಅಲ್ಲಿ ಗೇಟು, ಕಿಟಕಿ, ಮೆಟ್ಟಿಲ ಕಂಬಿ ಎಲ್ಲ ಮುಗಿದ ಮೇಲೆ ತಳ್ಳುಗಾಡಿಯ ಸರದಿ. ಅಣ್ಣ ಆ ಬಾಗಿಲಲ್ಲಿ ನಿಂತು ಕಳೆದ ಹೊತ್ತನ್ನು ಎರಡು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಅದನ್ನು ಹಾಜರುಪಡಿಸಲು ಸಿದ್ಧಳಿದ್ದೇನೆ. ಅದಕ್ಕೂ ಈ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ರೈಟರ್ ಹೇಳಿದರು. ಇದೆ ಎಂದು ನಾನು ಹೇಳಿದೆ.

ನಾನು ಶಾಲೆಯಲ್ಲಿ ಓದಿದ್ದು ಏಳನೇ ತರಗತಿಯ ತನಕ. ಮಿಕ್ಕದ್ದನ್ನು ಕರಪತ್ರಗಳಲ್ಲಿ, ಹದಿನಾರು ಪುಟದ ಕಿರುಪುಸ್ತಕಗಳಲ್ಲಿ ಓದಿಕೊಂಡಿದ್ದೇನೆ. ಅವುಗಳಲ್ಲೊಂದು ಮನೆಯಲ್ಲೇ ಬೆಸುಗೆ ಕಲಿಯುವುದರ ಬಗ್ಗೆ. ಉಪಕರಣ ಯಾರ ಕೈಯಲ್ಲಿದೆಯೋ ಹೊತ್ತೂ ಅವರ ಕೈಯಲ್ಲಿದೆ ಎಂದು ಅದರ ಆರನೇ ಪುಟದಲ್ಲಿದೆ. ಇದನ್ನು ಬರೆದುಕೊಳ್ಳುವಾಗ ರೈಟರ್ ಪೆನ್ನು ನಿಲ್ಲಿಸಿ, ಇದು ಘಟನೆ ಅಲ್ಲಮ್ಮ, ಭಾಷಣ ಎಂದರು. ಅದೇ ಪುಸ್ತಕದ ಹತ್ತನೇ ಪುಟ ಘಟನೆಗೆ ನೇರವಾಗಿ ಸಂಬಂಧಿಸಿದ್ದು. ಅದು ತನ್ನ ಜಾಗದಲ್ಲಿ ಬರುತ್ತದೆ. ನಾನು ಹಿಂದುಮುಂದು ಮಾಡುವುದಿಲ್ಲ.

ಮೊನ್ನೆ ಗುರುವಾರ, 12ನೇ ತಾರೀಖು, ಬೆಳಿಗ್ಗೆ 10-40ಕ್ಕೆ ನಾನು ಮತ್ತು ಅಣ್ಣ ಖಾಲಿ ತಳ್ಳುಗಾಡಿ ತಳ್ಳಿಕೊಂಡು ಮುಖ್ಯರಸ್ತೆಯ ಉಪಕರಣದ ಅಂಗಡಿಗೆ ಹೋದೆವು. ಮನೆಯಿಂದ ಅಲ್ಲಿಗೆ ಸುಮಾರು ಎರಡು ಕಿಲೋಮೀಟರ್. ಮನೆಗೆ ಏನು ತರುವುದಿದ್ದರೂ ನಾವು ಗಾಡಿಯ ಮೇಲೆಯೇ ತರುವುದು. ತಂದದ್ದನ್ನು ಇಳಿಸುವುದೂ ಕಡಿಮೆ. ನಮ್ಮ ಅಕ್ಕಿ ಮೂಟೆ, ಹೊಲಿಗೆ ಯಂತ್ರ, ಅತ್ತಿಗೆಯ ಬಣ್ಣದ ಡಬ್ಬಗಳು ಎಲ್ಲವೂ ಗಾಡಿಗಳ ಮೇಲೆಯೇ ಇವೆ. ಬೇರೆಯವರ ಮನೆಯಲ್ಲಿ ಮೇಜು ಇದ್ದ ಹಾಗೆ ನಮ್ಮಲ್ಲಿ ಗಾಡಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಹೆಸರಾದ ಕಂಪನಿಯ ವೆಲ್ಡಿಂಗ್ ಯಂತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅದರ ಮೂರನೇ ಒಂದು ಪಾಲು ಬೆಲೆಗೆ ಕಿತ್ತಳೆ ಬಣ್ಣದ ಒಂದು ಸಣ್ಣ ಯಂತ್ರ ಸಿಗುತ್ತದೆಂದು ಅಂಗಡಿಯ ಮುಂದೆ ಬೋರ್ಡು ಹಾಕಿದ್ದರು. ಅಂಗಡಿ ಮಾಲೀಕರು ಕನ್ನಡಕವನ್ನು ಹಣೆಗೇರಿಸಿಕೊಂಡು, ಕೌಂಟರಿನ ಕೆಳಗಿನಿಂದ ಅಂಥದೊಂದು ಯಂತ್ರ ತೆಗೆದರು. ಅದರ ಹಿಡಿಕೆಗೆ ಅಡ್ಡವಾಗಿ ಕೆಂಪು ಬಣ್ಣದ ಒಂದು ಗೆರೆ ಎಳೆದಿತ್ತು. ಕಪ್ಪು ಗಾಜಿನ ಶೀಲ್ಡನ್ನು ಮುಖಕ್ಕೆ ಹಿಡಿದು, ದಪ್ಪ ತಗಡಿನ ಮೇಲೆ ರಾಡ್ ಗೀಚಿ, ನಾಲ್ಕು ಅಂಗುಲ ಬೆಸುಗೆ ಎಳೆದು ತೋರಿಸಿದರು. ಬೆಸುಗೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿತ್ತು. ನನಗೆ ಕೂರಲು ಸ್ಟೂಲು ಕೊಟ್ಟಿದ್ದರು. ಅದನ್ನು ನೋಡಿ ಕೂರಲಾಗಲಿಲ್ಲ, ಎದ್ದು ನಿಂತೆ.

ಇದನ್ನೇ ಕೊಡಿ ಎಂದೆ. ಇದು ತೋರ್ಸೋದಮ್ಮ, ನಿಂಗೆ ಹೊಸಾದು ಕೊಡ್ತೀನಿ, ಸೀಲ್ ಆಗಿರೋದು ಎಂದು ಮಾಲೀಕರು ಒಳಗಿನಿಂದ ಅಂಟುಪಟ್ಟಿ ಹಾಕಿದ ಒಂದು ಡಬ್ಬ ತಂದರು. ಅದನ್ನೇ ತೆಗೆದು ಉರಿಸಿ ತೋರಿಸಿ ಎಂದು ಕೇಳಿದೆ. ಅದಕ್ಕೆ ಅವರು, ಕಲ್ಲಂಗಡಿ ಅಲ್ಲಮ್ಮ ಇದು, ತೂತು ಕೊರೆದು ಕೆಂಪಗಿದ್ಯಾ ಅಂತ ನೋಡೋಕೆ, ಸೀಲ್ ಒಡೆದ್ರೆ ಗ್ಯಾರಂಟಿ ಹೋಯ್ತು ಎಂದರು. ಅಂಗಡಿಯಲ್ಲಿದ್ದವರು ನಕ್ಕರು. ಅಣ್ಣನೂ ನಕ್ಕ.

ಎರಡೂ ಒಂದೇ ತಾನೆ ಎಂದು ಕೇಳಿದೆ. ಅವಳಿ ಮಕ್ಕಳು, ಒಂದೇ ತೊಟ್ಟಿಲು ಎಂದರು. ಹಾಗಿದ್ದರೆ ಒಂದಕ್ಕೆ ಕೆಂಪು ಗೆರೆ ಯಾಕೆ ಎಂದು ಕೇಳಿದೆ. ಬೇರೆಯದರ ಜೊತೆ ಬೆರೆಯಬಾರದು ಅಂತ ಎಂದರು. ಅವಳಿಗಳಾದರೆ ಬೆರೆತರೆ ಏನು ನಷ್ಟ ಎಂದು ಕೇಳಿದೆ. ಅವರು ಅಣ್ಣನ ಕಡೆ ತಿರುಗಿ, ಇವ್ಳು ಯಾವ ಕಾಲೇಜು ಎಂದು ಕೇಳಿದರು. ಕಾಲೇಜಿಲ್ಲ ಸಾರ್, ಕಾಗದ ಸಿಕ್ಕಿದ್ರೆ ಓದ್ತಾಳೆ, ಪೊಟ್ಟಣ ಕಟ್ಟಿದ್ದನ್ನೂ ಬಿಡಲ್ಲ ಎಂದು ಅಣ್ಣ ಹೇಳಿದ.

ಅನುಮಾನ ನನಗೆ ಅಲ್ಲಿಯೇ ಬಂದಿತ್ತು. ಬಂದರೂ ಡಬ್ಬ ತೆಗೆದುಕೊಂಡೆ. ಅಣ್ಣ ಕೊಂಡ ಎಂದು ನಿನ್ನೆ ಅವನು ಇಲ್ಲಿ ಕೊಟ್ಟ ಹೇಳಿಕೆಯಲ್ಲಿರುವುದು ಸರಿಯಲ್ಲ. ಅವನು ಇನ್ನೊಂದು ಕಡೆ ವಿಚಾರಿಸೋಣ ಕಣೇ ಎಂದ. ಹನ್ನೊಂದು ವರ್ಷ ವಿಚಾರಿಸಿದ್ದು ಸಾಲದಾ ಎಂದು ನಾನು ಹೇಳಿದೆ.

11-25ಕ್ಕೆ ಅಂಗಡಿ ಬಿಟ್ಟೆವು. ದಾರಿಯುದ್ದಕ್ಕೂ ಗಾಡಿ ತಳ್ಳಿದ್ದು ನಾನೇ. ಅಷ್ಟೊಂದು ಓಡಬೇಡ, ಯಂತ್ರಕ್ಕೇನು ಕಾಲು ಬಂದಿಲ್ಲ, ಓಡಿಹೋಗಲ್ಲ ಎಂದು ಅಣ್ಣ ಹಿಂದಿನಿಂದ ಕೂಗುತ್ತಿದ್ದ. ಮನೆ ಸೇರಿದಾಗ ಷೆಡ್ಡಿನ ಗಡಿಯಾರದಲ್ಲಿ ಹನ್ನೆರಡಾಗಿತ್ತು. ಆ ಗಡಿಯಾರ ನಾಲ್ಕು ನಿಮಿಷ ಮುಂದಿದೆ. ಇಲ್ಲಿಂದ ಮುಂದೆ ಕೊಡುವ ಹೊತ್ತುಗಳಲ್ಲಿ ಆ ನಾಲ್ಕು ನಿಮಿಷ ಕಳೆದಿದ್ದೇನೆ.

ಡಬ್ಬ ಬಿಚ್ಚಿದಾಗ ಕಂಡದ್ದು: ಒಂದು, ಕೆಂಪು ಗೆರೆಯ ಯಂತ್ರದ ಕೇಬಲ್ ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು, ಇದರದ್ದು ಕಿರುಬೆರಳಿನಷ್ಟು. ಎರಡು, ಅದರಲ್ಲಿ ಕರೆಂಟಿನ ವೈರು ಪೆಟ್ಟಿಗೆಯೊಳಗೆ ಹೋಗುವ ತೂತಿಗೆ ಕಪ್ಪು ರಬ್ಬರಿನ ಉಂಗುರ ಇತ್ತು, ಇದರಲ್ಲಿ ಬರೀ ತಗಡಿನ ತೂತು. ಅಂಚನ್ನು ಬೆರಳಿನಿಂದ ಸವರಿದೆ, ಚುಚ್ಚಿತು. ಅದನ್ನು ಅಣ್ಣನಿಗೆ ತೋರಿಸಿದೆ. ವಾಪಸ್ ಕೊಟ್ಟು ಬರೋಣ ಎಂದ. ಒಂದು ಸಲ ಉರಿಸಿ ನೋಡಿ ಆಮೇಲೆ ಕೊಡೋಣ ಎಂದೆ.

ಇನ್ನು ಮುಂದಿನದು ನನ್ನ ಮೇಲಿನ ದೂರು.

ಯಂತ್ರದ ವೈರು ಆರು ಅಡಿ. ಗೋಡೆಯ ಪ್ಲಗ್ಗಿನಿಂದ ಗಾಡಿ ನಿಂತ ಜಾಗಕ್ಕೆ ಹದಿನಾಲ್ಕು ಅಡಿ. ನಡುವೆ ಒಂದು ಎಕ್ಸ್‌ಟೆನ್ಷನ್ ಬೋರ್ಡು ಬೇಕು. ಅದಕ್ಕೆ ಮೂರೆಳೆಯ ವೈರು ಬೇಕು: ಎರಡು ಎಳೆ ಕರೆಂಟು ಹೋಗಿ ಬರುವುದಕ್ಕೆ, ಮೂರನೆಯ ಹಸಿರು ಎಳೆ ಅರ್ತಿಂಗಿಗೆ. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯರ ಮೈ ಹೊಗದೆ ಆ ಹಸಿರು ಎಳೆಯಲ್ಲಿ ನೆಲಕ್ಕೆ ಇಳಿಯುತ್ತದೆ. ಹೇಳಿದೆನಲ್ಲ, ಹತ್ತನೇ ಪುಟ, ಅದರಲ್ಲಿ ಇದೇ ಇದೆ, ಚಿತ್ರದ ಸಮೇತ. ನಾನು ಅದನ್ನು ಓದಿದ್ದೆ. ಓದಿಲ್ಲ, ಗೊತ್ತಿರಲಿಲ್ಲ ಎಂದು ಹೇಳಲಾರೆ.

ವೈರಿನ ಅಂಗಡಿ ನಮ್ಮ ಬೀದಿಯ ಕೊನೆಯಲ್ಲಿದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ನಾನು ಹೋದಾಗ 1-05. ನಾಲ್ಕು ಗಂಟೆಯ ತನಕ ತಡೆದ್ರೆ ಆಕಾಶ ಬೀಳುತ್ತಾ ಎಂದು ಅಣ್ಣ ಹೇಳಿದ. ಅತ್ತಿಗೆ ಊಟಕ್ಕೆ ಕರೆದರು. ನಾನು ಊಟಕ್ಕೆ ಹೋಗಲಿಲ್ಲ. ಕೆಟ್ಟ ಟೇಬಲ್ ಫ್ಯಾನಿನಿಂದ ಬಿಚ್ಚಿಟ್ಟಿದ್ದ ಎರಡೆಳೆಯ ವೈರು ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಒಂದು ತುದಿಗೆ ಪ್ಲಗ್ಗು, ಇನ್ನೊಂದು ತುದಿಗೆ ಮರದ ಹಲಗೆಯ ಮೇಲೆ ಮೂರು ತೂತಿನ ಸಾಕೆಟ್ಟು ಕೂಡಿಸಿದೆ. ಮೂರನೇ ತೂತಿನ ಹಿಂದೆ ಏನನ್ನೂ ಕೂಡಿಸಲಿಲ್ಲ. ಮೇಲಿನಿಂದ ನೋಡಿದವರಿಗೆ ಅದು ಒಳ್ಳೆಯ ಬೋರ್ಡಿನ ಹಾಗೆಯೇ ಕಾಣುತ್ತಿತ್ತು. ಊಟ ಮುಗಿಸಿ ಬಂದ ಅಣ್ಣ, ವೈರು ಎಲ್ಲಿ ಸಿಕ್ತು ಎಂದು ಕೇಳಿದ. ಇತ್ತು ಎಂದೆ. ಅಷ್ಟೇ ಹೇಳಿದೆ.

ಆದುದರಿಂದ ಬೋರ್ಡನ್ನು ತಾನು ಮಾಡಿದೆನೆಂದು ಅಣ್ಣ ನಿನ್ನೆ ಈ ಠಾಣೆಯಲ್ಲಿ ಕೊಟ್ಟ ಹೇಳಿಕೆ ನಿಜವಲ್ಲ. ಅದರೊಳಗೆ ಎಷ್ಟು ಎಳೆ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

1-50ಕ್ಕೆ ಯಂತ್ರವನ್ನು ಗಾಡಿಯ ಮೇಲೆ ಇಟ್ಟುಕೊಂಡೇ ಸ್ವಿಚ್ ಹಾಕಿದೆವು. ಗಾಡಿ ಪೂರ್ತಿ ಕಬ್ಬಿಣದ್ದು, ಚಕ್ರಗಳು ರಬ್ಬರಿನವು. ಯಂತ್ರದ ಹಸಿರು ದೀಪ ಹತ್ತಿಕೊಂಡಾಗ ಅಣ್ಣ ಚಪ್ಪಾಳೆ ತಟ್ಟಿದ. ಅವನು ರಬ್ಬರಿನ ಚಪ್ಪಲಿ, ಚರ್ಮದ ಕೈಗವಸು ಹಾಕಿದ್ದ. ನಾನು ಬಟ್ಟೆಯ ಷೂ ಹಾಕಿದ್ದೆ. ಮೊದಲ ರಾಡ್ ಅಂಟಿಕೊಂಡಿತು. ಎರಡನೆಯದೂ ಅಂಟಿಕೊಂಡಿತು. ಅಂಗಡಿಯಲ್ಲಿ ಬೆಣ್ಣೆ ಸವರಿದ ಹಾಗೆ ಹೋಗುತ್ತಿದ್ದ ರಾಡ್ ಇಲ್ಲಿ ಒಂದು ಗೀಚಿಗೆ ಮುನಿಸಿಕೊಂಡ ಕತ್ತೆಯಂತೆ ನಿಲ್ಲುತ್ತಿತ್ತು. ಒಂಬತ್ತು ರಾಡ್ ಹಾಳಾದ ಮೇಲೆ ಎರಡು ಅಂಗುಲದ ಬೆಸುಗೆ ಬಂತು. ಅದನ್ನು ನೋಡಿ ಅತ್ತಿಗೆ, ಕೋಳಿ ಕೆದಕಿದ ಹಾಗಿದೆ, ಬಣ್ಣ ಹಚ್ಚಿ ಮುಚ್ತೀನಿ ಬಿಡಿ ಎಂದರು. ಮೂವರೂ ನಕ್ಕೆವು. ಕೆಟ್ಟ ಬೆಸುಗೆಯಾದರೂ ಅದು ನಮ್ಮದು ಎಂದು ನನಗೆ ಅನಿಸಿತ್ತು.

2-10ಕ್ಕೆ ಅಣ್ಣನ ಮೊಣಕೈ ಗಾಡಿಯ ಅಂಚಿಗೆ ತಗುಲಿತು. ಏನೋ ಜುಮ್ ಅಂತು ಎಂದ. ಜುಮ್ ಅಂದದ್ದು ಹೆದರಿಕೆ, ಕರೆಂಟಲ್ಲ ಎಂದು ನಾನು ಹೇಳಿದೆ. ಈ ಮಾತನ್ನು ನಾನು ಆಡಿದ್ದೇನೆಂದು ಅತ್ತಿಗೆ ಸಾಕ್ಷಿ ಹೇಳಬಲ್ಲರು. ಅವರು ಕೇಳಿಸಿಕೊಂಡಿದ್ದಾರೆ.

2-25ಕ್ಕೆ ಕಿಡಿ ಹಾರಿ ಮೂಲೆಯಲ್ಲಿದ್ದ ಗೋಣಿಚೀಲ ಹೊಗೆಯಾಡಿತು. ಅತ್ತಿಗೆ ಓಡಿಬಂದು ಅರ್ಧ ಬಕೆಟ್ ನೀರು ಸುರಿದರು. ಚೀಲ ಆರಿತು. ನೀರು ಸಿಮೆಂಟು ನೆಲದ ಮೇಲೆ ಗಾಡಿಯ ತನಕ ಹರಿಯಿತು. ನನ್ನ ಷೂ ನೆನೆದವು. ಬಿಚ್ಚಿ ಬಾಗಿಲ ಹೊರಗೆ ಒಣಗಲು ಇಟ್ಟು ಬರಿಗಾಲಲ್ಲಿ ಒಳಗೆ ಬಂದೆ. ಷೆಡ್ಡಿನಲ್ಲಿ ಹೊಗೆ ತುಂಬಿತ್ತು.

ಆ ಹೊತ್ತಿಗೆ ಕಿಡಿಯಜ್ಜ ಬಂದರು. ಅವರು ನಮ್ಮ ಹಿಂದಿನ ಬೀದಿಯವರು, ವಯಸ್ಸು ಎಪ್ಪತ್ತೊಂದು. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ವೆಲ್ಡರ್ ಆಗಿದ್ದವರು. ಎಡಗಣ್ಣು ಮಂದವಾಗಿದೆ. ನಾವು ಕರೆದಿರಲಿಲ್ಲ. ಬೆಸುಗೆಯ ವಾಸನೆ ಬಂತು, ಕಾಲು ತಾನೇ ಎಳ್ಕೊಂಡು ಬಂತು ಎಂದರು. ಬಾಗಿಲಲ್ಲೇ ನೆಲ ಒದ್ದೆಯಾಗಿದ್ದುದನ್ನು ನೋಡಿ, ತೊಳೆದ ನೆಲ ತುಳಿಯೋದು ಬೇಡ ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಅದು ತೊಳೆದ ನೆಲವಲ್ಲ ಎಂದು ಯಾರೂ ಹೇಳಲಿಲ್ಲ.

ಹೊಗೆಗೆ ಅವರಿಗೆ ನಮ್ಮ ಬೆಸುಗೆ ಕಾಣಲಿಲ್ಲ. ಬೆಳಕಿಗೆ ತರ್ತೀನಿ ಅಜ್ಜ, ನೋಡಿ ಹೇಳಿ ಎಂದು ನಾನು ಗಾಡಿಯನ್ನು ಬಾಗಿಲಿಗೆ ತಳ್ಳಲು ಹೋದೆ. ಸ್ವಿಚ್ ಆರಿಸಿರಲಿಲ್ಲ. ಎರಡೂ ಕೈ ಮುಂದೆ ಚಾಚಿದ್ದೆ. ಗಾಡಿಯ ಹಿಡಿಕೆಗೂ ನನ್ನ ಕೈಗೂ ನಡುವೆ ಒಂದು ಗೇಣು ಇತ್ತು. ಕಿಡಿಯಜ್ಜ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದರು. ನಿಲ್ಲು ಕೂಸೇ, ಹೊಸ ಯಂತ್ರಾನ ಮೊದಲು ಹಿಂಗೈಲಿ ಮಾತಾಡಿಸ್ಬೇಕು, ಅಂಗೈ ಕೊಟ್ರೆ ಅದು ಬಿಡಲ್ಲ ಎಂದರು.

ಇದು ಅವರ ಕಾರ್ಖಾನೆಯ ಹಳಬರ ರೂಢಿ. ಕರೆಂಟು ತಗುಲಿದರೆ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಅಂಗೈಯಿಂದ ಮುಟ್ಟಿದವರ ಮುಷ್ಟಿ ಬಿಗಿಯುತ್ತದೆ, ಬಿಡಿಸಿಕೊಳ್ಳಲಾಗುವುದಿಲ್ಲ. ಹಿಂಗೈಯಿಂದ ಮುಟ್ಟಿದರೆ ಕೈ ತಾನಾಗಿ ಕಿತ್ತುಕೊಂಡು ಬರುತ್ತದೆ. ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

2-40ಕ್ಕೆ ಕಿಡಿಯಜ್ಜ ಬಲಗೈಯ ಹಿಂಬದಿಯನ್ನು ಗಾಡಿಯ ಹಿಡಿಕೆಗೆ ತಾಗಿಸಿದರು. ಶಬ್ದ ಆಗಲಿಲ್ಲ. ಅವರು ನಾಲ್ಕು ಅಡಿ ಹಿಂದಕ್ಕೆ ಹೋಗಿ, ಬಲಗೈ ಕೆಳಗಾಗಿ ಬಿದ್ದರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅತ್ತಿಗೆ ಗೋಡೆಯ ಸ್ವಿಚ್ ಆರಿಸಿದರು. ಅಣ್ಣ ಅಜ್ಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಚಾಚಿದ ಕೈ ಚಾಚಿದ ಹಾಗೆಯೇ ನಿಂತಿದ್ದೆನಂತೆ. ಅದು ನನಗೆ ನೆನಪಿಲ್ಲ. ಅತ್ತಿಗೆ ಹೇಳಿದ್ದು.

ಅಜ್ಜನನ್ನು ಪಕ್ಕದಲ್ಲಿದ್ದ ಇನ್ನೊಂದು ಗಾಡಿಯ ಮೇಲೆ ಮಲಗಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋದೆವು. ಒಂದೂಕಾಲು ಕಿಲೋಮೀಟರ್, ಹದಿನಾರು ನಿಮಿಷ. ದಾರಿಯಲ್ಲಿ ಅವರಿಗೆ ಎಚ್ಚರವಿತ್ತು. ಎಡಗಡೆ ಚಕ್ರ ಕುಂಟ್ತಾ ಇದೆ, ನೋಡ್ಕೋ ಎಂದು ಅಣ್ಣನಿಗೆ ಹೇಳಿದರು. ಆಸ್ಪತ್ರೆಯವರು ಕರೆಂಟಿನ ಕೇಸೆಂದು ಠಾಣೆಗೆ ತಿಳಿಸಿದರು.

ನಿನ್ನೆ ಶುಕ್ರವಾರ ಬೆಳಿಗ್ಗೆ 9-15ಕ್ಕೆ ಈ ಠಾಣೆಯ ಒಬ್ಬ ಕಾನ್‌ಸ್ಟೆಬಲ್ ಮತ್ತು ವಿದ್ಯುತ್ ಕಚೇರಿಯ ಲೈನ್‌ಮನ್ ನಮ್ಮ ಷೆಡ್ಡಿಗೆ ಬಂದರು. ಯಂತ್ರದ ಪೆಟ್ಟಿಗೆಯ ತಿರುಪುಗಳ ಮೇಲೆ ಕಾರ್ಖಾನೆಯ ಹಳದಿ ಬಣ್ಣದ ಗುರುತು ಒಡೆಯದೆ ಹಾಗೆಯೇ ಇತ್ತು. ಅದನ್ನು ಇಬ್ಬರೂ ನೋಡಿದ ಮೇಲೆಯೇ ಲೈನ್‌ಮನ್ ಪೆಟ್ಟಿಗೆ ಬಿಚ್ಚಿದರು. ಕರೆಂಟಿನ ವೈರು ಆ ಚೂಪು ತೂತಿನ ಅಂಚಿಗೆ ಉಜ್ಜಿ, ಪ್ಲಾಸ್ಟಿಕ್ ಹೊದಿಕೆ ಕತ್ತರಿಸಿ, ತಾಮ್ರ ತಗಡಿಗೆ ತಗುಲಿತ್ತು. ಹಸಿರು ವೈರು ಒಳಗೆ ಸುಮ್ಮನೆ ಜೋತುಬಿದ್ದಿತ್ತು. ಅದರ ತುದಿಯ ಪ್ಲಾಸ್ಟಿಕ್ಕನ್ನು ಯಾರೂ ಸುಲಿದೇ ಇರಲಿಲ್ಲ. ಇದು ಬಿಚ್ಚಿಕೊಂಡದ್ದಲ್ಲ, ಹುಟ್ಟಿದಾಗಿಂದ ಕೂಡಿಸೇ ಇಲ್ಲ ಎಂದು ಲೈನ್‌ಮನ್ ಹೇಳಿದರು. ನಾನು ಕಾನ್‌ಸ್ಟೆಬಲ್‌ಗೆ, ನೋಡಿದ್ರಾ, ನೋಡಿದ್ರಾ ಎಂದು ಎರಡು ಸಲ ಹೇಳಿದೆ.

ಆಮೇಲೆ ಲೈನ್‌ಮನ್ ನನ್ನ ಬೋರ್ಡನ್ನು ಮಗುಚಿ, ಹಿಂದಿನ ಮುಚ್ಚಳ ತೆಗೆದರು. ಒಳಗೆ ಹಸಿರು ಕೂಡಿಸಿದ್ರೂ ಇಲ್ಲಿ ಅದಕ್ಕೆ ದಾರಿ ಎಲ್ಲಿತ್ತಮ್ಮಾ, ಯಾರು ಮಾಡಿದ್ದು ಇದನ್ನ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ, ನಾನು ಎಂದ. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ರೈಟರ್ ಕೇಳಿದ್ದಾರೆ. ಕಾನ್‌ಸ್ಟೆಬಲ್ ಬರೆದುಕೊಂಡು, ಅಣ್ಣನನ್ನು ಠಾಣೆಗೆ ಕರೆದುಕೊಂಡು ಹೋಗುವ ತನಕ. ಸುಮಾರು ಹನ್ನೆರಡು ನಿಮಿಷ. ಅಷ್ಟು ಹೊತ್ತು ನಾನು ಒಂದು ಕಡೆ ನಿಲ್ಲದೆ ಷೆಡ್ಡಿನಲ್ಲಿ ಸಾಮಾನು ಎತ್ತಿ ಇಡುತ್ತಿದ್ದೆ. ಮಾತು ಮಾತ್ರ ಆಡಲಿಲ್ಲ.

ನಿನ್ನೆ ಮಧ್ಯಾಹ್ನ 12-30ಕ್ಕೆ ಅಂಗಡಿ ಮಾಲೀಕರನ್ನು ಇಲ್ಲಿಗೆ ಕರೆಸಲಾಗಿತ್ತು. ಯಂತ್ರ ಸರಿಯಾಗೇ ಇತ್ತು, ಇವರ ಬೋರ್ಡು ಸರಿ ಇರಲಿಲ್ಲ, ಮನೆಯವನೇ ಒಪ್ಪಿಕೊಂಡಿದ್ದಾನಲ್ಲ, ಇನ್ನೇನು ಎಂದು ಅವರು ಹೇಳಿದರೆಂದು ತಿಳಿದುಬಂದಿದೆ. ಆ ಒಂದೇ ಮಾತಿನ ಮೇಲೆ ನಿರ್ಲಕ್ಷ್ಯದ ಪ್ರಕರಣ ಅಣ್ಣನ ತಲೆಗೆ ಬರುತ್ತದೆ. ಪ್ರಕರಣ ಬಂದರೆ ಷೆಡ್ಡಿನ ಪರವಾನಗಿ ಹೋಗುತ್ತದೆ. ಅಂಗಡಿಯಲ್ಲಿ ಅದೇ ಕಿತ್ತಳೆ ಯಂತ್ರದ ಡಬ್ಬಗಳು ನಾವು ಹೋದ ದಿನ ಗೋಡೆಗೆ ಒರಗಿಸಿ ಹನ್ನೊಂದು ಇದ್ದವು. ಅವು ಮಾರಾಟವಾಗುತ್ತಲೇ ಇರುತ್ತವೆ.

ಅಣ್ಣ 1-40ಕ್ಕೆ ಮನೆಗೆ ಬಂದ. ನಾನು ನಿಜ ಹೇಳಿಬರುತ್ತೇನೆ ಎಂದೆ. ಅವನು ಚೊಂಬಿನ ನೀರನ್ನು ಪೂರ್ತಿ ಕುಡಿದ ಮೇಲೆ, ನಿಂಗೆ ಇಪ್ಪತ್ತೆರಡು, ನಂಗೆ ಮೂವತ್ತಾರು, ಹಳೇ ಗಾಡಿಗೆ ಇನ್ನೊಂದು ಸೊಟ್ಟ ಬಿದ್ರೆ ಯಾರೂ ನೋಡಲ್ಲ, ಸುಮ್ನಿರು ಎಂದ. ನೀನು ಹೇಳಿದ ಸುಳ್ಳು ಆ ಅಂಗಡಿಯವನಿಗೆ ಊರುಗೋಲಾಯ್ತು ಎಂದೆ. ಅಣ್ಣ ತಂಗಿ ಇಬ್ಬರೂ ಸತ್ಯಹರಿಶ್ಚಂದ್ರರಾಗಿ ಜೈಲಿಗೆ ಹೋಗಿ, ನಾನು ಇಲ್ಲಿ ಚಕ್ರಗಳಿಗೆ ಬಣ್ಣ ಹಚ್ಕೊಂಡು ಕೂತಿರ್ತೀನಿ ಎಂದು ಅತ್ತಿಗೆ ಹೇಳಿದರು. ಹೇಳಿ, ಬೆನ್ನು ತಿರುಗಿಸಿಕೊಂಡರು.

ನಿನ್ನೆ ಸಂಜೆ 5ಕ್ಕೆ ಆಸ್ಪತ್ರೆಗೆ ಹೋದೆ. ಕಿಡಿಯಜ್ಜನ ಬಲಗೈಗೆ ಮೊಣಕೈವರೆಗೆ ಪಟ್ಟಿ ಹಾಕಿದ್ದಾರೆ. ಹಿಂಗೈ ಮಾತಾಡಿಸಿದ್ದಕ್ಕೆ ಯಂತ್ರ ಬಯ್ದೇ ಬಿಡ್ತು ನೋಡು ಎಂದು ನಕ್ಕರು. ಬೋರ್ಡು ಮಾಡಿದ್ದು ನಾನು ಅಜ್ಜ ಎಂದು ಹೇಳಿದೆ. ಎರಡೆಳೆಯದ್ದೆಂದೂ ಹೇಳಿದೆ. ಅವರು, ಅಲ್ಲಾ, ಆ ಬೆಸುಗೆ ಹಿಡ್ಕೊಳ್ತಾ ಎಂದು ಕೇಳಿದರು. ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದೆ, ಬಿಟ್ಟುಕೊಂಡಿತು ಎಂದೆ. ಬಿಟ್ಕೊಳ್ದೆ ಏನು, ಒಂದೇ ಕಡೆ ಹಾಕಿದ್ರೆ ಭಾರ ಹೊರಲ್ಲ ಕೂಸೇ, ಮಗುಚಿ ಇನ್ನೊಂದು ಕಡೇನೂ ಹಾಕ್ಬೇಕು ಎಂದರು. ಅವರು ಹೇಳಿದ್ದು ಬೆಸುಗೆಯ ವಿಷಯ. ನಾನು ಮನೆಗೆ ನಡೆದುಕೊಂಡು ಬರುತ್ತ ಇಲ್ಲಿಗೆ ಬರಲು ತೀರ್ಮಾನ ಮಾಡಿದೆ.

ಇದನ್ನೆಲ್ಲ ಹೇಳಿದರೆ ನಿಮ್ಮ ದೂರೇ ಬಡವಾಗುತ್ತಮ್ಮ, ಅಂಗಡಿಯವರ ವಕೀಲರು ಈ ಬೋರ್ಡೊಂದನ್ನೇ ಹಿಡ್ಕೊಂಡು ಅಲ್ಲಾಡಿಸ್ತಾರೆ ಎಂದು ಸಬ್ ಇನ್‌ಸ್ಪೆಕ್ಟರ್ ತಿಳಿಹೇಳಿದರು. ಅಲ್ಲಾಡಿಸಲಿ ಎಂದೆ. ನನ್ನ ಬೋರ್ಡು ಸರಿಯಿದ್ದಿದ್ದರೂ ಆ ಯಂತ್ರದ ಹಸಿರು ವೈರು ಏನನ್ನೂ ಮುಟ್ಟುತ್ತಿರಲಿಲ್ಲ. ಆ ಯಂತ್ರ ಸರಿಯಿದ್ದಿದ್ದರೂ ನನ್ನ ಬೋರ್ಡು ಅದನ್ನು ಕಾಯುತ್ತಿರಲಿಲ್ಲ. ನನ್ನ ತಪ್ಪು ಅವರ ಮೋಸವನ್ನು ತೊಳೆಯುವುದಿಲ್ಲ, ಅವರ ಮೋಸ ನನ್ನ ತಪ್ಪನ್ನೂ ತೊಳೆಯುವುದಿಲ್ಲ. ಇದೂ ಭಾಷಣವೇ ಎಂದು ರೈಟರ್ ಕೇಳಿದರು, ಆದರೆ ಬರೆದುಕೊಂಡರು.

ನನ್ನ ಕೋರಿಕೆಗಳು ಇವು. ಬೋರ್ಡಿನ ಹೊಣೆಯನ್ನು ಅಣ್ಣನ ಹೆಸರಿನಿಂದ ತೆಗೆದು ನನ್ನ ಹೆಸರಿಗೆ ಬರೆದುಕೊಳ್ಳಬೇಕು. ಅಂಗಡಿಯಲ್ಲಿ ಉಳಿದಿರುವ ಡಬ್ಬಗಳಲ್ಲಿ ಯಾವುದಾದರೊಂದನ್ನು, ಮಾಲೀಕರು ಆರಿಸದೆ ಪೊಲೀಸರೇ ಆರಿಸಿ, ಕೆಂಪು ಗೆರೆಯ ಯಂತ್ರದ ಪಕ್ಕದಲ್ಲಿಟ್ಟು, ಎರಡನ್ನೂ ಎಲ್ಲರ ಮುಂದೆ ಬಿಚ್ಚಬೇಕು. ಅವಳಿಗಳಾದರೆ ಒಳಗೂ ಅವಳಿಗಳಿರಲಿ.

11-40ಕ್ಕೆ ಸಬ್ ಇನ್‌ಸ್ಪೆಕ್ಟರ್ ನನ್ನ ಎದುರಿನಲ್ಲೇ ಅಂಗಡಿಗೆ ಫೋನ್ ಮಾಡಿದರು. ಇಂದು ಗಿರಾಕಿಗಳಿದ್ದಾರೆ, ನಾಳೆ ಭಾನುವಾರ ರಜೆ ಎಂದು ಮಾಲೀಕರು ಹೇಳಿದರು. ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆಯೇ ಬಿಚ್ಚುವುದೆಂದು ನಿಗದಿಯಾಯಿತು. ಅಲ್ಲಿಯವರೆಗೆ ಆ ಡಬ್ಬಗಳಲ್ಲಿ ಒಂದೂ ಅಂಗಡಿಯಿಂದ ಹೊರಗೆ ಹೋಗಕೂಡದೆಂದು ಸಬ್ ಇನ್‌ಸ್ಪೆಕ್ಟರ್ ತಿಳಿಸಿ, ಎಣಿಸಿಕೊಂಡು ಬರಲು ಒಬ್ಬ ಕಾನ್‌ಸ್ಟೆಬಲ್ಲನ್ನು ಕಳುಹಿಸಿದ್ದಾರೆ. ಅವರು ಹಿಂತಿರುಗಿ, ಎಂಟು ಇವೆ ಎಂದು ವರದಿ ಮಾಡಿದರು. ಮೂರು ಆಗಲೇ ಹೋಗಿವೆ. ಅವನ್ನು ಕೊಂಡವರು ಯಾರೆಂದು ಬಿಲ್ಲುಗಳಿಂದ ಪತ್ತೆ ಮಾಡಿಸಲು ಕೇಳಿಕೊಂಡಿದ್ದೇನೆ. ಈ ಮಾತು ಬರೆಯುವ ಹೊತ್ತಿಗೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೇನೆ, ಕೂರಿ ಎಂದು ಮೂರು ಸಲ ಹೇಳಿಸಿಕೊಂಡಿದ್ದೇನೆ.

ನಾನು ಹೇಳಿದ್ದನ್ನು ರೈಟರ್ ಮೊದಲಿನಿಂದ ಓದಿ ಹೇಳಿದರು. ಮೂರನೇ ಹಾಳೆಯಲ್ಲಿ ಅವರಾಗಿ ಸೇರಿಸಿದ್ದ ಆಕಸ್ಮಿಕವಾಗಿ ಎಂಬ ಪದವನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಕಂಡದ್ದು, ಮಾಡಿದ್ದು, ಕೇಳಿಸಿಕೊಂಡದ್ದು. ಹಗುರವಾಗಲೆಂದು ಏನನ್ನೂ ಬಿಟ್ಟಿಲ್ಲ, ಭಾರವಾಗಲೆಂದು ಏನನ್ನೂ ಸೇರಿಸಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಶನಿವಾರ, ಮಧ್ಯಾಹ್ನ 12-35
ಸಹಿ: (ಹೇಳಿಕೆ ಕೊಟ್ಟವಳದು)

ಸಹಿಯ ನಂತರ, ನನ್ನ ಕೋರಿಕೆಯಂತೆ ಸೇರಿಸಿದ್ದು: ಅಣ್ಣ ಈಗ ಠಾಣೆಯ ಹೊರಗೆ ಬಂದು ನಿಂತಿದ್ದಾನೆ. ಒಳಗೆ ಬಾ ಎಂದರೆ, ಗಾಡಿ ಯಾರು ನೋಡ್ಕೊಳ್ತಾರೆ ಎನ್ನುತ್ತಾನೆ. ಯಂತ್ರ ಪೊಲೀಸರ ವಶದಲ್ಲಿರುವುದರಿಂದ ಅದನ್ನು ಅವರೇ ತರುತ್ತಾರೆ. ಷೆಡ್ಡಿನಲ್ಲೇ ಉಳಿದಿರುವ ನನ್ನ ಬೋರ್ಡನ್ನು, ಹಿಂದಿನ ಮುಚ್ಚಳ ತೆಗೆದು, ಒಳಗಿನ ಎರಡೆಳೆ ಎಲ್ಲರಿಗೂ ಕಾಣುವಂತೆ ನಮ್ಮ ಅದೇ ಗಾಡಿಯ ಮೇಲಿಟ್ಟು ನಾನೇ ತಳ್ಳಿಕೊಂಡು ಬರುತ್ತೇನೆ. ಮುಖ್ಯರಸ್ತೆಯ ಉಪಕರಣದ ಅಂಗಡಿಯ ಮುಂದೆ, ಸೋಮವಾರ, 16ನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ.